ಚಂದ್ರಕ್ಕನ ರೀಡಿಂಗು

ಮೊನ್ನೆ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ತಲೆನೋವೆಂದು ಹಣೆಗೆ ಬಾಮ್ ತಿಕ್ಕಿಕೊಂಡರು. ಹೊರಗೆ ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಪುದೀನ ಎಣ್ಣೆಯ ತಣ್ಣನೆಯ ಘಾಟು ಬಸ್ಸೆಲ್ಲ ತುಂಬಿಕೊಂಡಿತು. ನಾನು ಹೊಸೂರು ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತುಕೊಂಡೆ. "ಏನಾಯ್ತು ಮೇಡಂ, ಉಸಿರು ಕಟ್ತಾ?" ಎಂದು ಡ್ರೈವರ್ ಕೇಳಿದ. ಹೌದೆಂದೆ. ಅವನಿಗೆ ಬೇರೆ ಏನು ಹೇಳಲಿ.

ನಾನು ಬಿ.ಎಸ್ಸಿ. ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಹೊಸೂರಿನ ಇಂಡಸ್ಟ್ರಿಯಲ್ ಏರಿಯಾದ ಹಿಂದಿನ ಸಾಲಿನಲ್ಲಿದ್ದ ಒಂದು ಸಣ್ಣ ಎಣ್ಣೆ ಕಂಪನಿಯಲ್ಲಿ. ಅಡುಗೆ ಎಣ್ಣೆಯಲ್ಲ, ಸುವಾಸನೆಯ ಎಣ್ಣೆ. ಪುದೀನ, ಲಾವಂಚ, ದವನ, ನಿಂಬೆಹುಲ್ಲು, ಕಿತ್ತಳೆ ಸಿಪ್ಪೆ, ಇವುಗಳ ಎಣ್ಣೆ ಕ್ಯಾನುಗಳಲ್ಲಿ ಬರುತ್ತಿತ್ತು. ನಾವು ಪರೀಕ್ಷೆ ಮಾಡಿ, ಸೋಸಿ, ಸೋಪಿನವರಿಗೂ ಊದುಬತ್ತಿಯವರಿಗೂ ಬಾಮ್ ಮಾಡುವವರಿಗೂ ಕಳಿಸುತ್ತಿದ್ದೆವು. ನಮ್ಮೂರು ಗುಮ್ಮಳಾಪುರದಿಂದ ಬೆಳಿಗ್ಗೆ ಹೊರಟರೆ ತಳಿ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಬರಬೇಕು. ನಮ್ಮ ಮನೆಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನೇ. ಸಂಜೆ ಮನೆಗೆ ಬಂದರೆ ಅಜ್ಜಿ ನನ್ನ ಚೂಡಿದಾರದ ದುಪಟ್ಟಾ ಮೂಸಿ, "ಇವತ್ತು ಲಾವಂಚ ಕಣೇ" ಎಂದು ಹೇಳುತ್ತಿದ್ದಳು.

ಆ ಕೆಲಸ ಕೊಡಿಸಿದ್ದು ಚಂದ್ರಕ್ಕ. ಲ್ಯಾಬಿನಲ್ಲಿ ಇದ್ದವರೇ ನಾವಿಬ್ಬರು. ಅವರು ಸೀನಿಯರ್ ಕೆಮಿಸ್ಟ್, ನಾನು ಟ್ರೈನಿ. ಅವರು ಸಾನಮಾವಿನ ಕಾಡಂಚಿನ ಹಳ್ಳಿಯವರು. ಗಂಡ ನಂಜಪ್ಪಣ್ಣ ರಾಗಿ, ಕೋಸು ಬೆಳೆಯುತ್ತಿದ್ದರು. ಮಗಳು ಸೇಲಂನಲ್ಲಿ ನರ್ಸಿಂಗ್ ಓದುತ್ತಿದ್ದಳು. ಐವತ್ತಕ್ಕೆ ಹತ್ತಿರದ ಹೆಂಗಸು. ಬಿಳಿ ಕೋಟು ಹಾಕಿದರೂ ಕನಕಾಂಬರ ಮುಡಿದು ಬರುತ್ತಿದ್ದರು. ಕಾಲೇಜಿನ ಲ್ಯಾಬ್ ಒಂದರಲ್ಲಿ ನಾನು ಪ್ರಾಕ್ಟಿಕಲ್ ಪರೀಕ್ಷೆ ಮಾಡುವಾಗ, ಎಣ್ಣೆಯ ಮಾದರಿ ಕೊಡಲು ಕಂಪನಿಯಿಂದ ಬಂದಿದ್ದ ಅವರು ನನ್ನ ಕೈ ನಡುಗದಿರುವುದನ್ನು ನೋಡಿ, ಪರೀಕ್ಷೆ ಮುಗಿದ ಮೇಲೆ ಕರೆದು, "ಕೆಲ್ಸ ಬೇಕಾದ್ರೆ ಬಾ" ಎಂದಿದ್ದರು. ಅಷ್ಟೇ ಪರಿಚಯದ ಮೇಲೆ ನಾನು ಹೋದೆ.

ನಮ್ಮ ಲ್ಯಾಬಿನ ಮೂಲೆಯಲ್ಲಿ ಕಪ್ಪು ಪರದೆ ಕಟ್ಟಿದ ಗೂಡಿನಂಥ ಜಾಗವಿತ್ತು. ಒಳಗೆ ಪೋಲಾರಿಮೀಟರ್. ಉದ್ದನೆಯ ಹಳೇ ಮೆಷಿನ್ನು, ಒಂದು ತುದಿಯಲ್ಲಿ ಸೋಡಿಯಂ ದೀಪ, ಇನ್ನೊಂದು ತುದಿಯಲ್ಲಿ ಕಣ್ಣಿಡುವ ಜಾಗ, ನಡುವೆ ಎಣ್ಣೆ ತುಂಬಿದ ಗಾಜಿನ ಕೊಳವೆ. ಕಾಲೇಜಿನಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಚಂದ್ರಕ್ಕ ಹೇಳಿದಾಗ.

"ಬೆಳಕು ಸುಮ್ನೆ ಬರಾಕಿಲ್ಲ ಕಣೇ ಮಂಜಿ. ಮೇಲೆ ಕೆಳಗೆ ಅಕ್ಕ ಪಕ್ಕ ಎಲ್ಲಾ ಕಡೀಕೂ ಅಲ್ಲಾಡ್ಕಂಡು ಬತ್ತದೆ. ಮೊದಲ್ನೇ ಗಾಜು ಏನ್ ಮಾಡ್ತದೆ, ಒಂದೇ ಕಡೀಕೆ ಅಲ್ಲಾಡೋ ಬೆಳಕ ಮಾತ್ರ ಒಳಕ್ಕೆ ಬಿಡ್ತದೆ. ಆ ಬೆಳಕು ಎಣ್ಣೆ ಒಳಗೆ ಹೋದ್ರೆ ತಿರುಕ್ಕಂತದೆ. ಪುದೀನ ಎಡಕ್ಕೆ ತಿರುಗಿಸ್ತದೆ, ಕಿತ್ತಳೆ ಬಲಕ್ಕೆ. ಎಷ್ಟು ತಿರುಗಿಸ್ತು ಅಂತ ಅಳೆಯೋದೇ ನಮ್ ಕೆಲ್ಸ."

"ಯಾಕಕ್ಕ ಅಳೀಬೇಕು? ವಾಸನೆ ನೋಡಿದ್ರೆ ಸಾಕಲ್ವಾ?"

"ಮೂಗಿಗೆ ಮೋಸ ಮಾಡ್ಬೋದು. ಪ್ಯಾಕ್ಟರೀಲಿ ಮಾಡಿದ್ ಸರಕು ಬೆರೆಸಿದ್ರೆ ವಾಸನೆ ಹಂಗೇ ಇರ್ತದೆ, ಬೆಳಕು ಮಾತ್ರ ಅಷ್ಟು ತಿರುಗಾಕಿಲ್ಲ."

ಕಣ್ಣಿಟ್ಟು ನೋಡಿದರೆ ಹಳದಿ ದುಂಡನೆಯ ಬಿಲ್ಲೆ ಕಾಣುತ್ತದೆ. ನಡುವೆ ಗೆರೆ ಎಳೆದಂತೆ ಎರಡು ಭಾಗ. ಒಂದು ಬೆಳ್ಳಗಿದ್ದರೆ ಇನ್ನೊಂದು ಕಪ್ಪಗೆ. ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಎರಡೂ ಸಮನಾಗಿ ಮಂಕಾಗುತ್ತವೆ, ನಡುವಿನ ಗೆರೆ ಅಳಿಸಿಹೋಗುತ್ತದೆ. ಆ ಜಾಗದ ಅಂಕಿ ಓದಬೇಕು. ಅದು ಕೂದಲೆಳೆಯಷ್ಟು ಜಾಗ. ಚಂದ್ರಕ್ಕ ಒಂದೇ ಎಣ್ಣೆಯನ್ನು ಮೂರು ಸಲ ನೋಡಿದರೆ ಮೂರು ಸಲವೂ ಒಂದೇ ಅಂಕಿ ಬರುತ್ತಿತ್ತು. ಕೊಳವೆಯ ಮುಚ್ಚಳ ಜಾಸ್ತಿ ಬಿಗಿದರೂ ಗಾಜು ಒತ್ತಿಕೊಂಡು ಸುಳ್ಳು ಅಂಕಿ ಬರುತ್ತದೆಂದು ನನ್ನ ಕೈಗೆ ಹೊಡೆದು ಕಲಿಸಿದರು. ಅವರು ಪರದೆಯೊಳಗೆ ಕೂತು ಅಂಕಿ ಹೇಳುವುದು, ನಾನು ಹೊರಗೆ ಚೀಟಿಯ ಮೇಲೆ ಬರೆದುಕೊಳ್ಳುವುದು. ಆಮೇಲೆ ನಾನು ಒಳಗೆ ಹೋಗಿ ಕೊಳವೆ ತೆಗೆದು ತೊಳೆದಿಡುವುದು. ಹೀಗೆ ಒಂದು ವರ್ಷ ಕಳೆಯಿತು.

ಎರಡನೆಯ ವರ್ಷದ ಮಳೆಗಾಲ. ಹೊಸೂರಿನಲ್ಲಿ ಆ ಸಲ ಮೋಡ ಕವಿದರೆ ವಾರಗಟ್ಟಲೆ ಬಿಸಿಲಿಲ್ಲ, ಜಿನುಗು ಹನಿ, ಕೊರೆಯುವ ಗಾಳಿ. ಚಂದ್ರಕ್ಕ ಪರದೆಯೊಳಗೆ ಹೋದರೆ ಈಚೆಗೆ ಬರುವುದು ತಡವಾಗತೊಡಗಿತು. ಮೂರು ಸಲ ನೋಡಿದರೆ ಮೂರು ಬೇರೆ ಅಂಕಿ. "ದೀಪ ಮಂಕಾಗೈತೆ" ಎಂದರು. ಕೊಳವೆ ಸರಿಯಾಗಿ ತೊಳೆದಿಲ್ಲವೆಂದು ನನ್ನನ್ನು ಬೈದರು. ನಾನು ಮತ್ತೆ ತೊಳೆದೆ.

ಒಂದು ಮಧ್ಯಾಹ್ನ ಅವರು ಅಂಕಿ ಹೇಳಿ ಊಟಕ್ಕೆ ಹೋದರು. ಕೊಳವೆ ತೆಗೆಯಲು ಹೋದವಳು, ಸುಮ್ಮನೆ ಒಮ್ಮೆ ಕಣ್ಣಿಟ್ಟೆ. ತಿರುಪು ಅವರು ಬಿಟ್ಟ ಜಾಗದಲ್ಲೇ ಇತ್ತು. ಅವರಿಗೆ ಸಮನಾಗಿ ಕಂಡ ಜಾಗ ಅದು. ನನಗೆ ಕಂಡದ್ದು ಅರ್ಧ ಹಳದಿ, ಅರ್ಧ ಕಪ್ಪು. ನಡುವಿನ ಗೆರೆ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ.

ನಾನು ತಿರುಪು ತಿರುಗಿಸಿ ಸರಿಯಾದ ಜಾಗ ಹಿಡಿದೆ. ಅವರ ಅಂಕಿಯಂತೆ ಆ ಪುದೀನ ಎಣ್ಣೆ ಬೆರಕೆ, ವಾಪಸ್ ಹೋಗಬೇಕಾದದ್ದು. ನನ್ನ ಅಂಕಿಯಂತೆ ಅದು ಒಳ್ಳೇ ಎಣ್ಣೆ. ಚೀಟಿ ಹರಿದು ಹೊಸದರಲ್ಲಿ ನನ್ನ ಅಂಕಿ ಬರೆದೆ. ಅಕ್ಕ ಊಟ ಮುಗಿಸಿ ಬಂದು ನೋಡದೆ ಸಹಿ ಹಾಕಿದರು.

ಅಂದಿನಿಂದ ಅದೇ ರೂಢಿಯಾಯಿತು. ಅವರು ಹೇಳುವುದು ಒಂದು, ನಾನು ಬರೆಯುವುದು ಇನ್ನೊಂದು. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಕೆಲಸ ಕೊಡಿಸಿದವರು, ಅವರ ಮರ್ಯಾದೆ ಉಳಿಯಲಿ ಎನ್ನುವುದು ನಿಜ. ಮ್ಯಾನೇಜರ್ ಸಾರ್ ತಮಿಳಿನಲ್ಲಿ, ತಾನೇ ಅಂಕಿ ತೋರಿಸುವ ಹೊಸ ಮೆಷಿನ್ ಬಂದರೆ ಒಬ್ಬರು ಸಾಕು ಎಂದು ನಗುತ್ತಾ ಹೇಳಿದ್ದೂ ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಪರದೆಯೊಳಗೆ ಒಬ್ಬಳೇ ಕೂತು ಆ ಗೆರೆ ಅಳಿಸಿಹೋಗುವ ಜಾಗ ಹಿಡಿದಾಗ ನನಗೆ ಹಿಗ್ಗಾಗುತ್ತಿತ್ತು. ಚಂದ್ರಕ್ಕನಿಗೇ ಆಗದ್ದು ನನಗಾಗುತ್ತದಲ್ಲ ಎಂಬ ಹಿಗ್ಗು. ಅದನ್ನು ಕರುಣೆ ಎಂದುಕೊಂಡೆ.

ಆಯುಧಪೂಜೆಗೆ ಮುಂಚೆ ಹೊಸ ಸೋಡಿಯಂ ದೀಪ ಬಂತು. ಚಂದ್ರಕ್ಕನೇ ಹಟ ಹಿಡಿದು ತರಿಸಿದ್ದು. ಹಚ್ಚಿದ ಮೇಲೆ ಮೊದಲು ಕೆಂಪಗಿದ್ದು ಆಮೇಲೆ ಹಳದಿಗೆ ತಿರುಗುವ ತನಕ ನಾವಿಬ್ಬರೂ ಕಾದು ಕೂತೆವು. ಅವರು ಒಳಗೆ ಹೋಗಿ ಬಹಳ ಹೊತ್ತು ನೋಡಿದರು. ಈಚೆಗೆ ಬಂದು ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಮಂಜಿ, ಒಳೀಕ್ ಹೋಗಿ ನೋಡು. ಸಮವಾಗಿ ಕಾಣ್ತದಾ?"

ಹೋಗಿ ನೋಡಿದೆ. ಸಮವಿರಲಿಲ್ಲ.

"ಕಾಣ್ತದೆ ಅಕ್ಕ. ನಿಮ್ದೇ ಸರಿ. ದೀಪದ್ದೇ ತೊಂದ್ರೆ ಇದ್ದಿದ್ದು."

"ನಿಜ ಹೇಳ್ತಾ ಇದೀಯಾ?"

"ನಿಜ ಅಕ್ಕ."

ಅವರು ಉಸಿರು ಬಿಟ್ಟರು. "ನಂಗೆ ಭಯ ಆಗ್ಬುಟ್ಟಿತ್ತು ಕಣೇ. ಕಣ್ಣಿಗೇ ಏನೋ ಬಂದೈತೆ ಅಂದ್ಕಂಡಿದ್ದೆ. ಭಾನುವಾರ ಇಲ್ಲೇ ಸ್ಕೂಲಲ್ಲಿ ಕಣ್ಣಿನ ಕ್ಯಾಂಪ್ ಐತಂತೆ, ತೋರಿಸ್ಕಳಾನ ಅಂತಿದ್ದೆ. ಬುಡು ಹಂಗಾರೆ. ಕೋಸು ಬೇರೆ ಕೊಯ್ಬೇಕು."

ಆಗಲಾದರೂ ಬಾಯಿ ಬಿಡಬಹುದಿತ್ತು. ಹೋಗಿ ಬನ್ನಿ ಅಕ್ಕ, ತೋರಿಸಿದರೆ ಏನು ಹೋಯಿತು ಎಂದಿದ್ದರೆ ಸಾಕಿತ್ತು. ನಾನು ಕೊಳವೆ ತೊಳೆಯುತ್ತಾ ನಿಂತೆ.

ಮಳೆ ಕಳೆದು ಚಳಿ ಬಂತು. ರಾಗಿ ತೆನೆ ಬಲಿಯುವ ಕಾಲಕ್ಕೆ ಸಾನಮಾವಿನ ಕಾಡಿಗೆ ಆನೆಗಳ ಹಿಂಡು ಇಳಿಯುತ್ತದೆ. ಆ ದಿನಗಳಲ್ಲಿ ಕಂಪನಿಯವರು ಚಂದ್ರಕ್ಕನನ್ನು ಕತ್ತಲಾಗುವ ಮೊದಲೇ ಬಿಡುತ್ತಿದ್ದರು. ಒಂದು ಶನಿವಾರ, ನಾಳೆ ಮನೆಯಲ್ಲಿ ಅವರೆಕಾಳು ಸಾರು, ಬಾ ಎಂದು ನನ್ನನ್ನೂ ಕರೆದುಕೊಂಡು ಹೋದರು. ಬಸ್ಸು ರಸ್ತೆಯಲ್ಲಿ ಇಳಿಸಿತು. ಅಲ್ಲಿಂದ ಹಳ್ಳಿಗೆ ಮಣ್ಣುದಾರಿ. ಹೊತ್ತು ಮುಳುಗಿತ್ತು, ಇನ್ನೂ ಬೆಳಕಿತ್ತು. ಎಡಗಡೆ ಹುಣಸೆಮರ, ಅದರಾಚೆ ರಾಗಿ ಹೊಲ. ಚಂದ್ರಕ್ಕ ಮಗಳ ಮದುವೆ ವಿಷಯ ಮಾತಾಡುತ್ತಾ ಎಡಗಡೆ ನಡೆಯುತ್ತಿದ್ದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿ ಹಿಂದೆ ಉಳಿದೆ.

ಹೊಲದ ಆಚೆಯಿಂದ ಗಂಡಸರು ಕೂಗಿಕೊಂಡರು. ಒಬ್ಬ ತಮಿಳಿನಲ್ಲಿ, "ಯಾನೈ! ಯಾನೈ!" ಎನ್ನುತ್ತಿದ್ದ. ತಲೆಯೆತ್ತಿ ನೋಡಿದೆ. ಹುಣಸೆಮರದ ನೆರಳೆಂದು ನಾನು ತಿಳಿದದ್ದು ಕಿವಿಯಾಡಿಸಿತು. ಒಂಟಿ ಆನೆ. ಚಂದ್ರಕ್ಕ ಅದರ ಮುಂದೆಯೇ ಮಾತಾಡುತ್ತಾ ಹೋಗುತ್ತಿದ್ದರು.

"ಅಕ್ಕಾ, ನಿಂತ್ಕಳಿ!"

ಅವರು ನಿಂತರು. ನನ್ನ ಕಡೆ ತಿರುಗಿದರು. "ಏನೇ? ಎಲ್ಲಿ?" ಎಂದರು. ಬಲಕ್ಕೆ ನೋಡಿದರು, ಹಿಂದಕ್ಕೆ ನೋಡಿದರು. ಎಡಗಡೆ ಅಷ್ಟು ದೊಡ್ಡ ಪ್ರಾಣಿ ನಿಂತಿದೆ, ಅವರಿಗೆ ಗೊತ್ತಾಗಲಿಲ್ಲ. ನಾನು ಓಡಿಹೋಗಿ ಅವರ ರಟ್ಟೆ ಹಿಡಿದು ಎಳೆದೆ. ಇಬ್ಬರೂ ದಾರಿಯ ಬಲಗಡೆಯ ಕಾಲುವೆಗೆ ಬಿದ್ದೆವು. ಪಟಾಕಿ ಸಿಡಿಯಿತು. ಆನೆ ಘೀಳಿಟ್ಟು ರಾಗಿ ಹೊಲದ ಮೇಲೆ ನುಗ್ಗಿ ಕಾಡಿನ ಕಡೆ ಹೋಯಿತು.

ನಂಜಪ್ಪಣ್ಣ ಓಡಿ ಬಂದರು. ಚಂದ್ರಕ್ಕನ ಮುಂಗೈ ಊದಿಕೊಂಡಿತ್ತು. ಅವರು ಗಂಡನಿಗೆ ಒಂದೇ ಮಾತು ಹೇಳುತ್ತಿದ್ದರು: "ನಂಗೆ ಕಾಣ್ನೇ ಇಲ್ಲ ಕಣ್ರೀ. ಅಷ್ಟು ದೊಡ್ಡದು. ಕಾಣ್ನೇ ಇಲ್ಲ." ಅಲ್ಲಿಯ ತನಕ ನಾನು ಅದನ್ನು ಮೆಷಿನ್ನಿನ ವಿಷಯ ಎಂದೇ ಇಟ್ಟುಕೊಂಡಿದ್ದೆ. ಮನುಷ್ಯರು ದಾರಿ ನಡೆಯುವುದೂ ಅದೇ ಕಣ್ಣಿನಿಂದ ಎಂದು ನನ್ನ ತಲೆಗೆ ಹೋಗಿರಲಿಲ್ಲ.

ಸೋಮವಾರ ಕೈಗೆ ಕಟ್ಟು ಹಾಕಿಸಿಕೊಂಡು ಹೊಸೂರಿನ ಕಣ್ಣಾಸ್ಪತ್ರೆಗೆ ಹೋದೆವು. ನಂಜಪ್ಪಣ್ಣ ಹೊರಗೆ ಕೂತರು, ನಾನು ಜೊತೆಗೆ ಒಳಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ತಮಿಳು ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಕಣ್ಣಿನ ಒತ್ತಡ ನೋಡಿದರು. ಆಮೇಲೆ ಒಂದು ಬೋಗುಣಿಯಂಥ ಮೆಷಿನ್ನಿನೊಳಗೆ ಮುಖವಿಡಿಸಿ, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಚುಕ್ಕಿಗಳು ಬರುತ್ತಿದ್ದವೇನೋ, ಚಂದ್ರಕ್ಕ ಬಹಳ ಹೊತ್ತು ಗುಂಡಿ ಒತ್ತದೆ ಸುಮ್ಮನೆ ಕೂತಿರುತ್ತಿದ್ದರು.

"ಗ್ಲಾಕೋಮಾ ಅಂತ ಹೇಳ್ತಾರಮ್ಮ" ಎಂದರು ಡಾಕ್ಟರು. "ಕಣ್ಣೊಳಗೆ ಪ್ರೆಷರ್ ತುಂಬಾ ಜಾಸ್ತಿ ಇದೆ. ನರ ಒಣಗ್ತಾ ಬಂದಿದೆ. ನೋವು ಇರಲ್ಲ, ಅದಕ್ಕೇ ಗೊತ್ತಾಗಲ್ಲ. ಪಕ್ಕದ ನೋಟ ಹೋಗಿದೆ, ಎಡಗಣ್ಣಲ್ಲಿ ಜಾಸ್ತಿ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು."

ಚಂದ್ರಕ್ಕ ತಲೆಯಾಡಿಸಿದರು.

"ಮಂಕು ಬೆಳಕಲ್ಲಿ ಮೊದ್ಲು ತೊಂದ್ರೆ ಆಗುತ್ತೆ. ನಿಮ್ಗೆ ಕೆಲ್ಸದಲ್ಲಿ ಏನೂ ಅನ್ನಿಸ್ಲಿಲ್ವಾ?"

"ನನ್ ಕೆಲ್ಸಾನೇ ಮಂಕು ಬೆಳಕು ನೋಡೋದು ಡಾಕ್ಟ್ರೆ" ಎಂದರು ಚಂದ್ರಕ್ಕ. ಅವರ ದನಿಯಲ್ಲಿ ಆಗಲೂ ಒಂದು ಗತ್ತಿತ್ತು. "ಎರಡು ಮಂಕು ಸಮ ಮಾಡೋದು. ಏನೋ ಅನುಮಾನ ಬಂದಿತ್ತು, ದೀಪ ಬದಲಾಯಿಸಿದ್ ಮೇಲೆ ಸರಿಹೋಯ್ತು. ನನ್ ರೀಡಿಂಗು ಒಂದಿನಾನೂ ತಪ್ಪಿಲ್ಲ. ಬೇಕಾದ್ರೆ ಇವಳ್ನೇ ಕೇಳಿ."

ಡಾಕ್ಟರು ನನ್ನ ಕಡೆ ನೋಡಿದರು. ಚಂದ್ರಕ್ಕನೂ ತಿರುಗಿದರು. ನನ್ನನ್ನು ನೋಡಲು ಅವರು ಇಡೀ ಮುಖ ತಿರುಗಿಸಬೇಕಾಯಿತು.

"ತಪ್ತಿತ್ತು ಡಾಕ್ಟ್ರೆ" ಎಂದೆ. "ಮಳೆಗಾಲದಿಂದ ತಪ್ತಿತ್ತು. ನಾನು ಸರಿ ಮಾಡಿ ಬರೀತಿದ್ದೆ."

ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿದರು.

"ಆಗ್ಲೇ ಬಂದಿದ್ರೆ?" ಎಂದು ಕೇಳಿದ್ದು ಚಂದ್ರಕ್ಕ. ನನ್ನನ್ನಲ್ಲ, ಡಾಕ್ಟರನ್ನು.

"ಎಷ್ಟು ಉಳೀತಿತ್ತು ಅಂತ ಹೇಳಕ್ಕಾಗಲ್ಲಮ್ಮ. ಈಗ ಇರೋದಕ್ಕಿಂತ ಜಾಸ್ತಿ ಉಳೀತಿತ್ತು."

ಬಸ್‌ಸ್ಟ್ಯಾಂಡಿನ ತನಕ ಅವರು ಗಂಡನ ರಟ್ಟೆ ಹಿಡಿದು ನಡೆದರು. ನಂಜಪ್ಪಣ್ಣ ಕಣ್ಣಿನ ಮದ್ದು ತರಲು ಹೋದಾಗ ಕಲ್ಲುಬೆಂಚಿನ ಮೇಲೆ ನಾವಿಬ್ಬರೇ ಕೂತೆವು. ನಾನು ಅಳುತ್ತಿದ್ದೆ. ಅವರು ಅಳುತ್ತಿರಲಿಲ್ಲ.

"ಅಳ್ಬೇಡ. ಜನ ನೋಡ್ತಾರೆ" ಎಂದರು. ಆಮೇಲೆ, "ನಾನು ನಿನ್ನ ಕೇಳ್ದೆ ಕಣೇ. ನಿಜಾನಾ ಅಂತ ಎರಡ್ನೇ ಸಲಾನೂ ಕೇಳ್ದೆ. ನನ್ ಕಣ್ಣ ನಂಬ್ದೆ, ನಿನ್ ಕಣ್ಣ ನಂಬಿ ಕೇಳ್ದೆ."

"ನಿಮ್ ಕೆಲ್ಸ ಹೋಗ್ಬುಡ್ತದೆ ಅಂತ ಅಕ್ಕ..."

"ಕೆಲ್ಸ ನಂದು. ಕಣ್ಣೂ ನಂದು. ಯಾವ್ದ ಬಿಡ್ಬೇಕು, ಯಾವ್ದ ಇಟ್ಕಬೇಕು ಅಂತ ನಾನು ನೋಡ್ಕಂತಿದ್ದೆ. ನೀನ್ಯಾರು ಅದನ್ನ ತೀರ್ಮಾನ ಮಾಡಾಕೆ?"

ಬಸ್ಸು ಬಂತು. ಮೆಟ್ಟಿಲು ಹತ್ತುವಾಗ ನಾನು ಕೈ ಕೊಟ್ಟೆ. ಅವರು ಕಂಬಿ ಹಿಡಿದು ಹತ್ತಿದರು.

ಮಾರನೆಯ ದಿನವೇ ಚಂದ್ರಕ್ಕ ಮ್ಯಾನೇಜರ್ ಸಾರ್ ಹತ್ತಿರ ಹೋಗಿ, ನನ್ನ ಕಣ್ಣು ಹೋಗಿದೆ, ರೀಡಿಂಗ್ ನನ್ನ ಕೈಲಾಗುವುದಿಲ್ಲ ಎಂದು ತಾವೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಸಾರ್ ಅವರನ್ನು ಕೆಲಸದಿಂದ ತೆಗೆದಾರೆಂದು ನಾನು ಹೆದರಿದ್ದೆ. ಅವರು ತೆಗೆಯಲಿಲ್ಲ. ಎಣ್ಣೆಗಳ ವಾಸನೆ ನೋಡಿ ವಿಂಗಡಿಸುವ ಕಡೆ ಹಾಕಿದರು. ನಾನು ಯಾವುದರಿಂದ ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆನೋ ಅದು ನಡೆಯಲೇ ಇಲ್ಲ. ಹೊಸ ಮೆಷಿನ್ ಬಂತು. ಲ್ಯಾಬ್ ನನ್ನ ಕೈಗೆ ಬಂತು, ಸಂಬಳವೂ ಏರಿತು. ಊಟದ ಹೊತ್ತಿಗೆ ಅವರು ಪ್ಯಾಕಿಂಗ್ ಹೆಂಗಸರ ಜೊತೆ ಕೂರುತ್ತಿದ್ದರು. ನಾನು ಹೋದರೆ ಜಾಗ ಬಿಡುತ್ತಿದ್ದರು, ಚಟ್ನಿ ಹಾಕುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಮಳೆಗೆ ಮೊದಲೇ ನಾನು ಬೇರೆ ಕಂಪನಿ ಸೇರಿದೆ. ಓಡಿಹೋದೆ ಎಂದರೂ ಸರಿಯೇ.

ಎರಡು ಸಲ ಅವರ ಮನೆಗೆ ಹೋಗಿದ್ದೆ. ನಂಜಪ್ಪಣ್ಣ ಕಾಫಿ ಕೊಟ್ಟು, ಬೆಳೆಯ ವಿಷಯ ಮಾತಾಡಿ ಕಳಿಸಿದರು. ಚಂದ್ರಕ್ಕ ಒಳಗಿದ್ದರು.

ಬಸ್ಸಿನಲ್ಲಿ ಆ ಬಾಮಿನ ವಾಸನೆ ಬಂದ ದಿನದ ಸಂಜೆ ಫೋನ್ ಬಂತು. ಬಾಮಿಗೂ ಫೋನಿಗೂ ಸಂಬಂಧವಿಲ್ಲ. ಚಂದ್ರಕ್ಕನ ದನಿ. ಹೇಗಿದ್ದೀಯ ಎಂದು ಕೇಳಲಿಲ್ಲ.

"ಅಂಚೆಟ್ಟಿ ಹತ್ರ ನನ್ ತಂಗಿ ರತ್ನಮ್ಮ ಅವಳೆ. ಇದು ಒಡಹುಟ್ಟಿದವ್ರಿಗೂ ಬತ್ತದೆ, ತೋರಿಸ್ಬೇಕು ಅಂತ ಡಾಕ್ಟ್ರು ಹೇಳ್ತಾನೇ ಅವ್ರೆ. ನಾನು ಹೇಳಿದ್ರೆ ನಗ್ತಾಳೆ. ನನ್ ಕಣ್ಣು ನೆಟ್ಟಗೈತೆ, ಸೂಜಿಗೆ ದಾರ ಪೋಣಿಸ್ತೀನಿ ಅಂತಾಳೆ. ನೀನು ಹೋಗು."

"ನಾನ್ ಹೇಳಿದ್ರೆ ಕೇಳ್ತಾರಾ ಅಕ್ಕ?"

"ನಂಗೆ ಏನ್ ಮಾಡ್ದೆ ಅಂತ ಹೇಳು. ಒಂದೂ ಬುಡ್ದಂಗೆ ಹೇಳು. ಆಗ ಕೇಳ್ತಾಳೆ."

ಭಾನುವಾರ ಡೆಂಕಣಿಕೋಟೆಯ ಮೇಲೆ ಬಸ್ಸು ಹಿಡಿದು ಹೋದೆ. ಅಂಚೆಟ್ಟಿಯಲ್ಲಿ ಇಳಿದು ಗುಡ್ಡದ ದಾರಿಯಲ್ಲಿ ಬಹಳ ದೂರ ನಡೆಯಬೇಕು. ರತ್ನಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಮುಖ ಚಂದ್ರಕ್ಕನದೇ, ಇನ್ನೂ ಗಟ್ಟಿಮುಟ್ಟು. ನಾನು ಯಾರೆಂದು ಹೇಳಿ, ಚಾಪೆಯ ಮೇಲೆ ಕೂತು, ಎಲ್ಲ ಹೇಳಿದೆ. ಪರದೆಯ ಗೂಡು, ಹರಿದ ಚೀಟಿ, ಹೊಸ ದೀಪ, ಆ ಭಾನುವಾರದ ಕ್ಯಾಂಪು. ನನಗಾದ ಹಿಗ್ಗನ್ನೂ ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಮೊರ ಕೆಳಗಿಟ್ಟು ಕೇಳಿಸಿಕೊಂಡರು.

"ನಮ್ಮಕ್ಕ ನಿನ್ನ ಮನ್ನಿಸವ್ಳಾ?"

"ಇಲ್ಲ."

"ಆದ್ರೂ ನಿನ್ನೇ ಕಳ್ಸವ್ಳೆ."

ರತ್ನಮ್ಮ ಎದ್ದು ಹುರುಳಿ ಒಳಗಿಟ್ಟು, ಸೀರೆ ಬದಲಾಯಿಸಿಕೊಂಡು ಬಂದರು. ಅಂದು ಸಂಜೆ ಅವರನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ. ಮಾರನೆಯ ದಿನ ರಜ ಹಾಕಿ ಅದೇ ಆಸ್ಪತ್ರೆಗೆ, ಅದೇ ಡಾಕ್ಟರ ಹತ್ತಿರ ಹೋದೆವು. ರತ್ನಮ್ಮನಿಗೂ ಕಣ್ಣಿನ ಒತ್ತಡ ಏರಿತ್ತು. ನೋಟ ಮಾತ್ರ ಇನ್ನೂ ಪೂರ್ತಿ ಇತ್ತು, ಎಲ್ಲ ಚುಕ್ಕಿಗೂ ಗುಂಡಿ ಒತ್ತಿದ್ದರು. ಮದ್ದು ಬಿಡದೆ ಹಾಕಿಕೊಂಡರೆ ಹೀಗೇ ಇರುತ್ತದೆ ಎಂದರು ಡಾಕ್ಟರು.

ಹೊರಗೆ ಬಂದು ಚಂದ್ರಕ್ಕನಿಗೆ ಫೋನ್ ಮಾಡಿದೆ. ಹೇಳಿದೆ. ಆ ಕಡೆ ಮೂಗು ಸೀಟಿಕೊಂಡದ್ದು ಕೇಳಿಸಿತು.

"ಸರಿ" ಎಂದರು. "ಮದ್ದು ಹೆಂಗ್ ಹಾಕ್ಕಳದು ಅಂತ ಸರಿಯಾಗಿ ತೋರ್ಸಿ ಬಸ್ಸು ಹತ್ಸು." ಫೋನ್ ಇಟ್ಟರು.

ಆಸ್ಪತ್ರೆಯ ಜಗಲಿಯ ಮೇಲೆ ರತ್ನಮ್ಮ ಮುಖ ಮೇಲೆತ್ತಿ, ಕಣ್ಣು ಅಗಲ ಬಿಟ್ಟು ಕೂತಿದ್ದರು. ನಾನು ಬಾಟಲಿಯ ಮುಚ್ಚಳ ತೆಗೆದು ಅವರ ಕೆಳರೆಪ್ಪೆ ಹಿಡಿದೆ. ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು.

"ಕಣ್ಣಿಗ್ ಬೀಳ್ನಿಲ್ಲ" ಎಂದರು ರತ್ನಮ್ಮ, ಕಣ್ಣು ಮುಚ್ಚದೆ. "ಇನ್ನೊಂದ್ ಸಲ ಹಾಕು."